ಅಜ್ಜಿಯ ಒನಕೆ, ಅಮ್ಮನ ಮೆಟ್ಟುಗತ್ತಿ, ನಿಮ್ಮ ಎಂ.ಕಾಂ.

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಸೊಸೆ. ವಯಸ್ಸು 27, ಎಂ.ಕಾಂ. ಓದಿದ್ದೇನೆ. ಮನೆಯಲ್ಲಿ ಎರಡು ಎಕರೆ ಅಡಿಕೆ ತೋಟ, ಎರಡು ಹಸು ಇವೆ. ನನ್ನ ಅಜ್ಜಿ ಜೀವಮಾನವೆಲ್ಲ ಗದ್ದೆಯಲ್ಲಿ ದುಡಿದರು. ಅಮ್ಮ ಅಡಿಕೆ ಸುಲಿದೇ ನನ್ನನ್ನು ಓದಿಸಿದರು. ನಾನು ಮಾತ್ರ ಮನೆಯಲ್ಲಿದ್ದೇನೆ. ಈಗ ಶಿವಮೊಗ್ಗದ ಮಳಿಗೆಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ತಿಂಗಳಿಗೆ 14,000 ರೂಪಾಯಿ. ನಮ್ಮ ಕಡೆ ಇರುವುದು ಖಾಸಗಿ ಬಸ್ಸು ಮಾತ್ರ, ಹೋಗಿಬರಲು ದಿನಕ್ಕೆ 100 ರೂಪಾಯಿ. ‘ನೀನು ಹೋದರೆ ಸುಗ್ಗಿಯಲ್ಲಿ ಎರಡು ತಿಂಗಳು ದಿನಕ್ಕೆ 400 ಕೊಟ್ಟು ಹೆಣ್ಣಾಳು ಇಡಬೇಕು, ಅಷ್ಟಕ್ಕೆ ಯಾಕೆ?’ ಎಂದು ಅತ್ತೆ ಕೇಳುತ್ತಾರೆ. ದೇಶ ವೇಗವಾಗಿ ಬೆಳೆಯುತ್ತಿದೆ, ಮಹಿಳೆಯರ ಉದ್ಯೋಗವೂ ಹೆಚ್ಚಿದೆ ಎಂದು ಪತ್ರಿಕೆಯಲ್ಲಿ ಓದುತ್ತೇನೆ. ಹಾಗಾದರೆ ಅಜ್ಜಿಗೆ, ಅಮ್ಮನಿಗೆ ಇದ್ದ ಕೆಲಸ ನನಗೇಕೆ ಇಲ್ಲ?

ಉತ್ತರ: ಮೊದಲು ನಿಮ್ಮ ಪತ್ರದ ಒಂದು ತಪ್ಪನ್ನು ತಿದ್ದುತ್ತೇನೆ, ಮೇಷ್ಟರಿಕೆಯ ಚಾಳಿ ನಿವೃತ್ತಿಯ ನಂತರವೂ ಬಿಟ್ಟಿಲ್ಲ. ‘ನಾನು ಮಾತ್ರ ಮನೆಯಲ್ಲಿದ್ದೇನೆ’ ಎಂದು ಬರೆದಿದ್ದೀರಿ. ನಾಲ್ಕು ಸಾಲು ಕೆಳಗೆ, ನೀವು ಹೊರಟರೆ ಎರಡು ತಿಂಗಳು ಹೆಣ್ಣಾಳು ಇಡಬೇಕಾಗುತ್ತದೆ ಎಂಬ ಅತ್ತೆಯವರ ಮಾತೂ ಇದೆ. ಸುಮ್ಮನೆ ಮನೆಯಲ್ಲಿರುವವರು ಹೋದರೆ ಆಳು ಏಕೆ ಬೇಕು? ಅತ್ತೆಯವರ ಲೆಕ್ಕ ಸರಿಯಾಗಿದೆ. ತಪ್ಪಿರುವುದು ನಿಮ್ಮದು.

ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯವರು ನಾಳೆ ನಿಮ್ಮ ಅಂಗಳಕ್ಕೆ ಬಂದು ಸರಿಯಾಗಿ ವಿಚಾರಿಸಿದರೆ ನಿಮ್ಮನ್ನು ‘ಉದ್ಯೋಗದಲ್ಲಿರುವವರು’ ಎಂದೇ ಬರೆದುಕೊಳ್ಳುತ್ತಾರೆ. ವರ್ಷದಲ್ಲಿ 30 ದಿನ ಮನೆಯ ತೋಟದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ಕೈಜೋಡಿಸಿದರೂ ಸಾಕು, ಅದು ಉದ್ಯೋಗ. ನೀವು ಅಡಿಕೆ ಸುಗ್ಗಿಯಲ್ಲೇ ಅರವತ್ತು ದಿನ ದುಡಿಯುತ್ತೀರಿ. ಹಾಗಾಗಿ ಪತ್ರಿಕೆಯಲ್ಲಿ ಓದಿ ನೀವು ಹೊಟ್ಟೆಕಿಚ್ಚುಪಟ್ಟ ಆ ಅಂಕಿಯ ಒಳಗೆ ನೀವೇ ಕುಳಿತಿದ್ದೀರಿ! 2017-18ರಲ್ಲಿ 15 ವರ್ಷ ದಾಟಿದ ಭಾರತೀಯ ಮಹಿಳೆಯರಲ್ಲಿ ಶೇ 23.3ರಷ್ಟು ಮಂದಿ ದುಡಿಯುವವರ ಅಥವಾ ಕೆಲಸ ಹುಡುಕುವವರ ಸಾಲಿನಲ್ಲಿದ್ದರು. 2023-24ಕ್ಕೆ ಅದು ಶೇ 41.7ಕ್ಕೆ ಏರಿತು. ಆದರೆ ಆ ವರ್ಷ ಕೆಲಸದಲ್ಲಿದ್ದ ಮಹಿಳೆಯರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ, ಶೇ 36.7ರಷ್ಟು, ನಿಮ್ಮಂತೆಯೇ ಮನೆಯ ಕಸುಬಿನಲ್ಲಿ ಸಂಬಳವಿಲ್ಲದ ಸಹಾಯಕಿಯರು. ಏರಿಕೆ ಸುಳ್ಳಲ್ಲ. ಆದರೆ ಆ ಹೆಣ್ಣುಮಕ್ಕಳೆಲ್ಲ ಬೆಳಿಗ್ಗೆ ಎದ್ದು ಬ್ಯಾಗು ನೇತುಹಾಕಿಕೊಂಡು ಕಚೇರಿಗೆ ಹೊರಟರು ಎಂಬ ಚಿತ್ರ ಮನಸ್ಸಿಗೆ ಬಂದರೆ ಅದನ್ನು ಅಳಿಸಿಬಿಡಿ. ಹೆಚ್ಚಿನವರು ಹೊಲ, ತೋಟ, ಕೊಟ್ಟಿಗೆಯಲ್ಲೇ ಇದ್ದಾರೆ. ಮಹಿಳಾ ಕೆಲಸಗಾರರಲ್ಲಿ ಕೃಷಿಯಲ್ಲಿರುವವರ ಪಾಲು 2017-18ರ ಶೇ 57ರಿಂದ 2023-24ಕ್ಕೆ ಶೇ 64 ದಾಟಿತು. ದೇಶ ಬೆಳೆದಂತೆ ಜನ ಕೃಷಿ ಬಿಟ್ಟು ಕಾರ್ಖಾನೆ, ಕಚೇರಿಗಳ ಕಡೆ ಸಾಗುತ್ತಾರೆ ಎಂದು ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಹೆಂಗಸರ ಗಾಡಿ ಹಿಂದಕ್ಕೆ ಚಲಿಸುತ್ತಿರುವುದನ್ನು ನೋಡಿ ನನಗೇ ಮುಜುಗರವಾಗುತ್ತದೆ.

ಈ ಸಮೀಕ್ಷೆಯ ವ್ಯಾಖ್ಯೆಗಳು ಒಮ್ಮೊಮ್ಮೆ ನಗು ತರಿಸುತ್ತವೆ. ಮನೆಬಳಕೆಗೇ ಆದರೂ ಹಾಲು ಕರೆದರೆ ಅದು ಆರ್ಥಿಕ ಚಟುವಟಿಕೆ. ಅದೇ ಹಾಲಿಗೆ ಹೆಪ್ಪು ಹಾಕಿ, ಕಡೆದು, ಮನೆಮಂದಿಗೆ ಬೆಣ್ಣೆ ತೆಗೆದರೆ ಅದು ಅಲ್ಲ. ಭತ್ತ ಬೆಳೆದರೆ ಕೆಲಸ, ಬೆಳೆದ ಭತ್ತವನ್ನು ಮನೆಯ ಊಟಕ್ಕೆಂದು ಕುಟ್ಟಿದರೆ ಕೆಲಸವಲ್ಲ. ಗದ್ದೆಯ ಬದು ದಾಟಿ ಹಿತ್ತಿಲಿಗೆ ಕಾಲಿಟ್ಟ ಕೂಡಲೇ ಹೆಣ್ಣಿನ ದುಡಿಮೆ ದೇಶದ ಲೆಕ್ಕದಿಂದ ಮಾಯ.

ಇನ್ನು ನಿಮ್ಮ ಅಜ್ಜಿಯ ವಿಷಯ. ಅವರನ್ನು ನಾನು ಕಂಡಿಲ್ಲ, ಆದರೆ ಅವರ ದಿನಚರಿಯನ್ನು ಬಲ್ಲೆ, ನನ್ನ ಅಜ್ಜಿಯದೂ ಅದೇ. ಕೋಳಿ ಕೂಗುವ ಮೊದಲೇ ಎದ್ದು ಒರಳಿಗೆ ಭತ್ತ ಸುರಿದು ಒನಕೆ ಹಿಡಿಯಬೇಕು. ಆಮೇಲೆ ಕೊಟ್ಟಿಗೆ, ಆಮೇಲೆ ಬೆಟ್ಟದಿಂದ ಸೊಪ್ಪಿನ ಹೊರೆ. ಆಷಾಢದ ಮಳೆಯಲ್ಲಿ ಬೆನ್ನಿಗೆ ಗೊರಬು ಹಾಕಿಕೊಂಡು ದಿನವಿಡೀ ಅಗೆ ಕಿತ್ತು ನೆಟ್ಟಿ ಮಾಡಬೇಕು. ಇವತ್ತು ನಮ್ಮ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು ಎಂಬ ಮುಯ್ಯಾಳಿನ ವ್ಯವಸ್ಥೆಯಲ್ಲಿ ಕೂಲಿಯೆಂದು ಕೈಗೆ ಕಾಸೂ ಬರುತ್ತಿರಲಿಲ್ಲ. ಆ ಬದುಕನ್ನು ಹಾಡಿ ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಕ್ಕಿ ಗಿರಣಿ ಬಂದ ದಿನ ನಮ್ಮ ಅಜ್ಜಿ ಒನಕೆಯನ್ನು ಅಟ್ಟಕ್ಕೆ ಎಸೆದರಂತೆ, ಮತ್ತೆ ಅದನ್ನು ಇಳಿಸಿದ್ದು ಮದುವೆ ಶಾಸ್ತ್ರಕ್ಕೆ ಮಾತ್ರ.

ಆದರೆ ಗಿರಣಿಯ ಒಳಗೆ ಇಣುಕಿ ನೋಡಿ. ಯಂತ್ರ ನಡೆಸುವವನು ಗಂಡಸು, ಮೂಟೆ ಹೊರುವ ಹಮಾಲಿ ಗಂಡಸು, ಲೆಕ್ಕ ಬರೆಯುವವನು ಗಂಡಸು. ಭತ್ತದಿಂದ ಅಕ್ಕಿ ಮಾಡುವುದು ತಲೆಮಾರುಗಳಿಂದ ಪೂರ್ತಿ ಹೆಂಗಸರ ಕೆಲಸವಾಗಿತ್ತು. ಅದಕ್ಕೆ ಮೋಟಾರು ಜೋಡಿಸಿದೊಡನೆ ಗಂಡಸರ ಉದ್ಯೋಗವಾಯಿತು. ಉಳ್ಳವರ ಮನೆಯ ಹೆಂಗಸರಿಗೆ ಅದು ಬಿಡುಗಡೆ. ಬೇರೆಯವರ ಮನೆಯ ಭತ್ತ ಕುಟ್ಟಿ, ಕೂಲಿಯ ಬದಲು ನುಚ್ಚು, ತೌಡು, ಒಂದಿಷ್ಟು ಅಕ್ಕಿ ಮಡಿಲಿಗೆ ಕಟ್ಟಿಕೊಂಡು ಹೋಗುತ್ತಿದ್ದ ಬಡವೆಗೆ ಅನ್ನದ ದಾರಿ ಮುಚ್ಚಿತು. ಹೊಸ ತಂತ್ರ, ಹೊಸ ಬೆಳೆ, ಹೊಸ ಮಾರುಕಟ್ಟೆ ಬಂದಾಗ ಮೊದಲು ಹೆಣ್ಣಿನ ಕೈಯಲ್ಲಿದ್ದ ದುಡಿಮೆ ಜಾರುತ್ತದೆ ಎಂಬುದನ್ನು ಡೆನ್ಮಾರ್ಕ್‌ನ ಅರ್ಥಶಾಸ್ತ್ರಜ್ಞೆ ಎಸ್ತರ್ ಬೋಸರಪ್ 1970ರಲ್ಲೇ ಆಫ್ರಿಕಾ ಮತ್ತು ಏಷ್ಯಾದ ಉದಾಹರಣೆಗಳನ್ನಿಟ್ಟು ತೋರಿಸಿದ್ದರು.

ನಿಮ್ಮ ಅಮ್ಮನ ಕೆಲಸದ ಕಥೆ ಇದಕ್ಕಿಂತ ಹತ್ತಿರದ್ದು. ಕಾರ್ತೀಕದ ಆಸುಪಾಸಿನಿಂದ ಶುರುವಾಗುವ ಸುಲಿಗೆ. ಅಂಗಳದ ಚಪ್ಪರದಡಿ ಒಂದು ಬಲ್ಬು, ಅಡಿಕೆ ಸುಲಿಯುವ ಹತ್ತು ಮೆಟ್ಟುಗತ್ತಿ, ಹತ್ತು ಹೆಂಗಸರು, ಆಚೆ ಹಂಡೆಯಲ್ಲಿ ಕುದಿಯುವ ಚೊಗರಿನ (ಅಡಿಕೆ ಬೇಯಿಸುವ ರಸದ) ವಾಸನೆ. ದುಡ್ಡು ಡಬ್ಬದ ಲೆಕ್ಕ, ಗಂಟೆಯ ಲೆಕ್ಕವಲ್ಲ. ಮನೆಯ ಅಡುಗೆ ಮುಗಿಸಿ ಎಂಟು ಗಂಟೆಗೆ ಬಂದು ಕೂರಬಹುದು, ಮಗು ಅತ್ತರೆ ಎದ್ದು ಹೋಗಬಹುದು, ಮಗು ಮಲಗಿದರೆ ಪಕ್ಕದಲ್ಲೇ ಗೋಣಿ ಹಾಸಿ ಮಲಗಿಸಬಹುದು. ನಡೆದು ಹೋಗುವಷ್ಟು ಹತ್ತಿರ, ಮನೆಗೆಲಸದ ಸಂದಿಯಲ್ಲಿ ತೂರಿಸಬಹುದಾದ ಹೊತ್ತು, ಹತ್ತು ಹೆಂಗಸರ ಜೊತೆ: ಹೆಣ್ಣಿಗೆ ಒಗ್ಗುವ ಕೆಲಸ ಎಂದು ಅರ್ಥಶಾಸ್ತ್ರಜ್ಞರು ಪುಟಗಟ್ಟಲೆ ವಿವರಿಸುವುದು ಇದನ್ನೇ. ಮೆಟ್ಟುಗತ್ತಿ ಬೆರಳು ಕೊಯ್ಯುತ್ತಿತ್ತು, ಸೊಂಟ ಹಿಡಿಯುತ್ತಿತ್ತು, ಚೊಗರಿನ ಕಲೆ ಅಂಗೈಯಿಂದ ಹೋಗುತ್ತಿರಲಿಲ್ಲ. ಆದರೂ ಆ ದುಡ್ಡು ಅವರ ಕೈಗೇ ಬರುತ್ತಿತ್ತು. ನಿಮ್ಮ ಕಾಲೇಜಿನ ಶುಲ್ಕ ಅದೇ.

ಈಗ ಸುಲಿಯುವ ಯಂತ್ರವನ್ನು ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಇಬ್ಬರು ಹುಡುಗರು ಮನೆಮನೆಗೆ ಬರುತ್ತಾರೆ. ಹತ್ತು ಹೆಂಗಸರು ವಾರವಿಡೀ ಸುಲಿಯುತ್ತಿದ್ದ ಅಡಿಕೆ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಹೆಂಗಸರಿಗೆ ಉಳಿದಿರುವುದು ಯಂತ್ರ ಬಿಟ್ಟ ಕಾಯಿಗಳನ್ನು ಹೆಕ್ಕಿ ಸುಲಿಯುವುದು, ಒಣಗಿಸುವುದು, ಆರಿಸುವುದು. ತೋಟದವರನ್ನು ನಾನು ದೂರುವುದಿಲ್ಲ. ಸುಲಿಯುವವರು ಸಿಗದೆ ಅಡಿಕೆ ಕೊನೆಗಳು (ಗೊನೆಗಳು) ಅಂಗಳದಲ್ಲಿ ಕೊಳೆತದ್ದನ್ನು ಕಂಡಿದ್ದೇನೆ. ಯಂತ್ರ ಬಂದದ್ದು ಸರಿ. ಆ ಯಂತ್ರದ ಗುಂಡಿಯ ಮೇಲೆ ನಿಮ್ಮ ಅಮ್ಮನ ಬೆರಳು ಏಕಿಲ್ಲ, ಯಂತ್ರಕ್ಕೆ ಸಾಲ ಏಕೆ ಅವರ ಹೆಸರಿಗೆ ಸಿಗಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಅದಕ್ಕಿಂತ ದೊಡ್ಡ ಬದಲಾವಣೆ ಸದ್ದಿಲ್ಲದೆ ನಡೆದಿದೆ. ಗದ್ದೆಗಳು ತೋಟಗಳಾಗಿವೆ. ನಿಮ್ಮ ಹೊಸನಗರದಿಂದ ಹಿಡಿದು ಶಿಕಾರಿಪುರ, ಭದ್ರಾವತಿಯ ಬಯಲಿನವರೆಗೆ ಭತ್ತದ ಬದುಗಳ ಮೇಲೆ ಅಡಿಕೆ ಸಸಿ ಎದ್ದಿವೆ. ಭತ್ತಕ್ಕೆ ಅಗೆ ಕೀಳುವುದು, ನೆಟ್ಟಿ, ಕಳೆ, ಕೊಯ್ಲು ಎಲ್ಲಕ್ಕೂ ಹೆಣ್ಣಾಳು ಬೇಕಿತ್ತು. ತೋಟದಲ್ಲಿ ಹೆಚ್ಚು ಕೂಲಿ ಸಿಗುವ ಕೆಲಸಗಳು ಗಂಡಸರವು: ಮರ ಹತ್ತಿ ಕೊನೆ ಇಳಿಸುವುದು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು, ಮಣ್ಣು ಹಾಕುವುದು. ಇತ್ತೀಚೆಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ, ಮರ ಹತ್ತಬೇಕಾಗಿಲ್ಲ, ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು. ಇದನ್ನಾದರೂ ಹೆಂಗಸರ ಕೈಗೆ ಕೊಟ್ಟಾರು ಎಂದುಕೊಂಡೆ. ದೋಟಿಯೂ ಗಂಡಸರ ಕೈಯಲ್ಲೇ ಇದೆ. ಕಳೆ ಕೀಳುವುದು ಹೆಂಗಸರ ಕೆಲಸವಾಗಿತ್ತು, ಅದಕ್ಕೆ ಕಳೆನಾಶಕ ಬಂತು, ಹೆಗಲಿಗೆ ನೇತುಹಾಕುವ ಕಳೆ ಕೊಚ್ಚುವ ಯಂತ್ರವೂ ಬಂತು. ಅದನ್ನು ಹಿಡಿದವನೂ ಗಂಡಸೇ. ಅದೇ ಒಂದು ಎಕರೆಯಿಂದ ಬರುವ ಆದಾಯ ಹಲವು ಪಟ್ಟು ಹೆಚ್ಚಿತು, ಹೆಣ್ಣಿಗೆ ಕೂಲಿ ಸಿಗುವ ದಿನಗಳು ಕಡಿಮೆಯಾದವು. ‘ಆರ್ಥಿಕ ಬೆಳವಣಿಗೆ ಮತ್ತು ರಚನಾತ್ಮಕ ಬದಲಾವಣೆ’ ಎಂದು ಪಠ್ಯಪುಸ್ತಕ ಕರೆಯುವುದನ್ನು ನೋಡಲು ದೆಹಲಿಗೆ ಹೋಗಬೇಕಾಗಿಲ್ಲ, ನಿಮ್ಮ ಮನೆಯ ಕೆಳಗಿನ ಗದ್ದೆಯನ್ನು ನೋಡಿದರೆ ಸಾಕು.

ಇದಕ್ಕೊಂದು ಪ್ರಸಿದ್ಧ ಸಿದ್ಧಾಂತವಿದೆ. ಬಡ ಕೃಷಿ ಸಮಾಜದಲ್ಲಿ ಹೆಂಗಸರೆಲ್ಲ ದುಡಿಯುತ್ತಾರೆ. ಕೈಗಾರಿಕೆ ಬಂದಾಗ ಕೆಲಸ ಮನೆಯಿಂದ ದೂರ ಸರಿಯುತ್ತದೆ, ಗಂಡನ ಗಳಿಕೆ ಏರುತ್ತದೆ, ಹೆಂಡತಿ ಕಾರ್ಖಾನೆಗೆ ಹೋಗುವುದು ಮನೆತನಕ್ಕೆ ಕುಂದು ಎನಿಸುತ್ತದೆ, ಮಹಿಳಾ ಉದ್ಯೋಗ ಕುಸಿಯುತ್ತದೆ. ಮುಂದೆ ಹೆಣ್ಣುಮಕ್ಕಳು ಓದಿ, ಕಚೇರಿ, ಶಾಲೆ, ಬ್ಯಾಂಕು, ಆಸ್ಪತ್ರೆಗಳ ಕೆಲಸ ಹೆಚ್ಚಿದಾಗ ಮತ್ತೆ ಏರುತ್ತದೆ. ಇಂಗ್ಲಿಷಿನ ಯು ಅಕ್ಷರದ ಆಕಾರ ಎನ್ನುತ್ತಾರೆ. ಮಲೆನಾಡಿನವರಿಗೆ ಕಣಿವೆ ಎಂದರೆ ಬೇಗ ಹೊಳೆಯುತ್ತದೆ: ಒಂದು ಗುಡ್ಡ ಇಳಿದು ಇನ್ನೊಂದು ಹತ್ತಬೇಕು. ಇದನ್ನು ಅಮೆರಿಕದ ಇನ್ನೂರು ವರ್ಷಗಳ ದಾಖಲೆ ಜಾಲಾಡಿ ತೋರಿಸಿದವರು ಹಾರ್ವರ್ಡ್‌ನ ಕ್ಲಾಡಿಯಾ ಗೋಲ್ಡಿನ್, 2023ರ ಅರ್ಥಶಾಸ್ತ್ರ ನೊಬೆಲ್ ಅವರಿಗೆ ಬಂತು. ಅವರ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಸಂಗತಿ. ಅಲ್ಲಿನ ಹಳೆಯ ದಾಖಲೆಗಳಲ್ಲಿ ಮದುವೆಯಾದ ಹೆಣ್ಣಿನ ಉದ್ಯೋಗದ ಕಾಲಂನಲ್ಲಿ ‘ಹೆಂಡತಿ’ ಎಂದು ಬರೆದು ಮುಗಿಸುತ್ತಿದ್ದರು, ಆಕೆ ಗಂಡನ ಜೊತೆ ಹೊಲದಲ್ಲಿ ದುಡಿದರೂ, ಅಂಗಡಿ ನಡೆಸಿದರೂ ಅಷ್ಟೇ. ಬಿಟ್ಟುಹೋದ ದುಡಿಮೆಯನ್ನು ಸೇರಿಸಿದಾಗ, 1890ರ ದಶಕದ ಹೊತ್ತಿಗೆ ದುಡಿಯುತ್ತಿದ್ದ ವಿವಾಹಿತ ಹೆಂಗಸರ ಪ್ರಮಾಣ ಜನಗಣತಿ ಹೇಳಿದ್ದರ ಸುಮಾರು ಮೂರು ಪಟ್ಟು ಇತ್ತೆಂದು ಗೋಲ್ಡಿನ್ ಕಂಡುಕೊಂಡರು. ನಿಮ್ಮ ಪಡಿತರ ಚೀಟಿಯ ಅರ್ಜಿಯಲ್ಲಿ ನಿಮ್ಮ ಉದ್ಯೋಗ ಏನೆಂದು ಬರೆದಿದ್ದಾರೆ, ಒಮ್ಮೆ ತೆಗೆದು ನೋಡಿ.

ಕಣಿವೆಯ ಮಾತನ್ನು ಮಾತ್ರ ಪಂಚಾಂಗದಂತೆ ನಂಬಬೇಡಿ. ದೇಶ ಶ್ರೀಮಂತವಾಗುತ್ತಾ ಹೋದರೆ ಹೆಣ್ಣು ತಾನಾಗಿ ಆಚೆಯ ಗುಡ್ಡ ಹತ್ತುತ್ತಾಳೆ, ತಾಳ್ಮೆಯಿಂದಿರಿ ಎಂದು ಭಾಷಣ ಮಾಡುವವರಿದ್ದಾರೆ. 2014ರಲ್ಲಿ ಇಸಿಸ್ ಗಡ್ಡಿಸ್ ಮತ್ತು ಸ್ಟೀಫನ್ ಕ್ಲಾಸೆನ್ ಎಂಬ ಸಂಶೋಧಕರು ಹಲವು ದೇಶಗಳ ಅಂಕಿಗಳನ್ನು ಮತ್ತೆ ಪರೀಕ್ಷಿಸಿದರು. ಅಂಕಿಗಳ ಒಂದು ಆವೃತ್ತಿಯಲ್ಲಿ ಕಾಣುವ ಕಣಿವೆ ಇನ್ನೊಂದರಲ್ಲಿ ಮಸುಕಾಗುತ್ತದೆ. ಬಡ ದೇಶಗಳಲ್ಲಿ ಅದು ಬಹುಮಟ್ಟಿಗೆ ಕಾಣುವುದೇ ಇಲ್ಲ. ಒಟ್ಟು ಆದಾಯ ಎಷ್ಟು ಬೆಳೆಯಿತು ಎಂಬುದಕ್ಕಿಂತ ಯಾವ ವಲಯ ಬೆಳೆಯಿತು, ಆ ದೇಶದ ಇತಿಹಾಸ ಎಂಥದ್ದು ಎಂಬುದೇ ಹೆಚ್ಚು ತೂಕದ್ದು. ನನ್ನ ಅನುಭವವೂ ಅದೇ ಹೇಳುತ್ತದೆ. ಬಾಂಗ್ಲಾದೇಶ ನಮಗಿಂತ ಶ್ರೀಮಂತವಾಗಿರಲಿಲ್ಲ. ಆದರೆ ಅಲ್ಲಿ ಬೆಳೆದದ್ದು ಸಿದ್ಧ ಉಡುಪಿನ ಕಾರ್ಖಾನೆ, ಅದು ಲಕ್ಷಾಂತರ ಹಳ್ಳಿಯ ಹೆಣ್ಣುಮಕ್ಕಳನ್ನು ಒಳಗೆ ಕರೆದುಕೊಂಡಿತು.

ನಮ್ಮ ಜಿಲ್ಲೆಯಲ್ಲಿ ಏನು ಬೆಳೆಯಿತು ನೋಡಿ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸತೊಡಗಿದರು, 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಎರಡೂ ಮೈಸೂರು ಸಂಸ್ಥಾನದ ಹೆಮ್ಮೆ, ಎರಡೂ ಗಂಡಸರ ಕಾರ್ಖಾನೆ. ಆಮೇಲೆ ಶಿವಮೊಗ್ಗದಲ್ಲಿ ಎರಕದ ಫೌಂಡ್ರಿಗಳು ಎದ್ದವು, ಅಲ್ಲಿಯೂ ಕುಲುಮೆಯ ಮುಂದೆ ಗಂಡಸರೇ. ಭದ್ರಾವತಿಯಿಂದ ಬರುತ್ತಿದ್ದ ನನ್ನ ವಿದ್ಯಾರ್ಥಿನಿಯರು ‘ಅಪ್ಪನಿಗೆ ಫ್ಯಾಕ್ಟರಿ ಕೆಲಸ, ಅಮ್ಮ ಮನೆಯಲ್ಲಿ’ ಎಂದು ಹೇಳುವಾಗ ದನಿಯಲ್ಲಿ ಸಣ್ಣ ಹೆಮ್ಮೆ ಇರುತ್ತಿತ್ತು. ಅಮ್ಮ ಮನೆಯಲ್ಲಿರುವುದೇ ಅಪ್ಪನ ಸಂಬಳದ ಪುರಾವೆ. ಕಾಗದದ ಯಂತ್ರಗಳು ನಿಂತ ಮೇಲೆ ಅದೇ ಊರಿನ ಹೆಣ್ಣುಮಕ್ಕಳು ‘ಅಮ್ಮ ಹೊಲಿಗೆಗೆ ಹೋಗುತ್ತಾಳೆ’ ಎಂದು ದನಿ ತಗ್ಗಿಸಿ ಹೇಳಿದ್ದನ್ನೂ ಕೇಳಿದ್ದೇನೆ. ಗಂಡಸರ ದುಡಿಮೆ ಕುಸಿದಾಗ ಹೆಂಗಸರ ಉದ್ಯೋಗದ ಅಂಕಿ ಏರುವುದು ಹೀಗೆ. ಅಂಕಿ ಏರಿತೆಂದು ಪಟಾಕಿ ಹೊಡೆಯುವ ಮೊದಲು ಏಕೆ ಏರಿತೆಂದು ಕೇಳಬೇಕು. ಇಲ್ಲಿ ಹೆಂಗಸರನ್ನು ನೂರುಗಟ್ಟಲೆ ತೆಗೆದುಕೊಂಡ ಕೈಗಾರಿಕೆಯೆಂದರೆ ಸಿದ್ಧ ಉಡುಪಿನದು. ಬೆಳಗಾಗುವ ಮೊದಲೇ ಕಂಪನಿ ಬಸ್ಸು ಹಳ್ಳಿಗಳಿಗೆ ಬಂದು ಹುಡುಗಿಯರನ್ನು ತುಂಬಿಕೊಂಡು ಹೋಗುತ್ತದೆ. ಆ ಕೆಲಸದ ಗುರಿ ಕಠಿಣ, ಕೂಲಿ ಕನಿಷ್ಠ ವೇತನದ ಆಸುಪಾಸು. ಆದರೂ ಆ ಬಸ್ಸು ಮನೆಬಾಗಿಲಿನ ಹತ್ತಿರ ಬರುತ್ತದೆ ಎಂಬುದನ್ನು ಗಮನಿಸಿ, ಮುಂದೆ ಈ ಮಾತು ಬೇಕಾಗುತ್ತದೆ. ಇನ್ನೊಂದು ಬಗೆಯ ಪ್ರಯತ್ನ ಸಾಗರದ ಪಕ್ಕ ಭೀಮನಕೋಣೆಯ ಚರಕ, ಹಳ್ಳಿಯ ಹೆಣ್ಣುಮಕ್ಕಳೇ ಸದಸ್ಯರಾದ ಕೈಮಗ್ಗದ ಸಹಕಾರ ಸಂಘ. ಕೆಲಸವನ್ನೇ ಹಳ್ಳಿಗೆ ತಂದರು. ಅಂಥವು ಹತ್ತಿದ್ದರೆ ನಿಮ್ಮ ಪತ್ರವೇ ಬರುತ್ತಿರಲಿಲ್ಲ.

ನಿಮ್ಮ ಓದಿಗೆ ಹೊಂದುವ ಕೆಲಸ ಬೆಳೆದದ್ದು ಬೆಂಗಳೂರಿನಲ್ಲಿ. ಕಣಿವೆಯ ಈಚೆಯ ಗುಡ್ಡ ಹೊಸನಗರದಲ್ಲಿದೆ, ಆಚೆಯದು ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿದೆ. ಓದಿದ ಹುಡುಗಿಯರು ಅಲ್ಲಿಗೆ ಹೋದರು. ತೋಟದ ಮನೆಗಳ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ ಎಂದು ಮಲೆನಾಡಿನ ಪ್ರತಿ ಮದುವೆ ಮನೆಯಲ್ಲೂ ಗೊಣಗುತ್ತಾರಲ್ಲ, ಅದೂ ರಚನಾತ್ಮಕ ಬದಲಾವಣೆಯೇ. ನೀವು ಆ ಪ್ರವಾಹಕ್ಕೆ ಎದುರಾಗಿ ತೋಟದ ಮನೆಗೆ ಸೊಸೆಯಾಗಿ ಬಂದಿರಿ, ಕಣಿವೆಯ ತಳದಲ್ಲಿ ನಿಂತಿರಿ.

ಇಡೀ ದೇಶದ್ದೂ ಇದೇ ಕಥೆ. ಹಳ್ಳಿಗಳ ನೂರು ಹೆಂಗಸರಲ್ಲಿ (ಮಕ್ಕಳು, ಮುದುಕಿಯರೂ ಸೇರಿ) ಕೆಲಸದಲ್ಲಿದ್ದವರು 2004-05ರಲ್ಲಿ 32.7, 2011-12ರಲ್ಲಿ 24.8, 2017-18ರಲ್ಲಿ 17.5. ದೇಶದ ಆದಾಯ ಭರದಿಂದ ಬೆಳೆದ ವರ್ಷಗಳೇ ಇವು. ಕೃಷಿ ಬಿಟ್ಟ ಗಂಡಸರನ್ನು ಕಟ್ಟಡ ಕೆಲಸ, ಲಾರಿ, ಆಟೊ ಎತ್ತಿಕೊಂಡವು. ಕೃಷಿಯಿಂದ ಹೊರಬಿದ್ದ ಹೆಂಗಸರಿಗೆ ಅಂಥ ಮೆಟ್ಟಿಲಿರಲಿಲ್ಲ. ಹುಡುಗಿಯರು ಹೆಚ್ಚು ವರ್ಷ ಶಾಲೆಯಲ್ಲಿ ಉಳಿದದ್ದೂ ಒಂದು ಕಾರಣ, ಅದು ಸಂತೋಷದ ಕಾರಣ. ಕುಟುಂಬಕ್ಕೆ ನಾಲ್ಕು ಕಾಸು ಬಂದ ಮೇಲೆ ಸೊಸೆಯನ್ನು ಕೂಲಿಗೆ ಕಳಿಸುವುದಿಲ್ಲ ಎಂಬ ಪ್ರತಿಷ್ಠೆ ಇನ್ನೊಂದು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ನಮ್ಮ ಮನೆಗಳ ಹೆಂಗಸರು ತೋಟಕ್ಕೆ ಇಳಿಯುವುದು ಕಡಿಮೆಯಾಗುವುದನ್ನು ನೀವೂ ನೋಡಿರುತ್ತೀರಿ.

‘ಈಗಿನ ಹುಡುಗಿಯರಿಗೆ ದುಡಿಯುವ ಮನಸ್ಸಿಲ್ಲ’ ಎನ್ನುವವರಿಗೆ ನಾನು ಒಂದೇ ಅಂಕಿ ಹೇಳುತ್ತೇನೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರ ಸರಾಸರಿ ಮಾತ್ರ, ಮಾಡದವರನ್ನು ಲೆಕ್ಕಕ್ಕೇ ಹಿಡಿದಿಲ್ಲ. ಹೊರಗಿನ ಎಂಟು ಗಂಟೆಯ ಕೆಲಸಕ್ಕೆ ಹೊರಟ ಹೆಣ್ಣು ಈ ಐದು ಗಂಟೆಯನ್ನು ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ, ಹೊತ್ತುಕೊಂಡೇ ಹೋಗುತ್ತಾಳೆ.

ಈಗ ಬಸ್ಸಿನ ಮಾತು. 2023ರ ಫೆಬ್ರುವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ. ಎರಡೂ ಬೇಕಾದವೇ, ಸೇತುವೆಯಂತೂ ಲಾಂಚಿಗಾಗಿ ಕಾದು ಕಾದು ಸೋತವರ ಪಾಲಿಗೆ ದೊಡ್ಡ ವರ. ಆದರೆ ಈ ಜಿಲ್ಲೆಯ ಓದಿದ ಹೆಣ್ಣುಮಕ್ಕಳ ಉದ್ಯೋಗಕ್ಕೆ ಒಂದೇ ಒಂದು ವರ ಕೇಳು ಎಂದರೆ ನಾನು ಕೇಳುವುದು ಸಂಜೆ ಏಳರ ಬಸ್ಸು. 2023ರ ಜೂನ್ 11ರಿಂದ ರಾಜ್ಯದಲ್ಲಿ ಶಕ್ತಿ ಯೋಜನೆ ಇದೆ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಮಲೆನಾಡಿನ ಅನೇಕ ಹಳ್ಳಿಗಳ ದಾರಿಯಲ್ಲಿ ಮೊದಲಿನಿಂದಲೂ ಓಡುವುದು ಖಾಸಗಿ ಬಸ್ಸು. ಕೊಪ್ಪದ ಕಾರ್ಮಿಕರೇ ಕಟ್ಟಿ ನಡೆಸಿದ ಸಹಕಾರ ಸಾರಿಗೆಯೂ 2020ರಲ್ಲಿ ನಿಂತುಹೋಯಿತು. ಹೀಗಾಗಿ ಸರ್ಕಾರಿ ಬಸ್ಸು ಓಡುವ ಮೈಸೂರಿನ ಕಡೆ ಒಬ್ಬ ಹುಡುಗಿಗೆ ಅದೇ 14,000 ಸಂಬಳದಲ್ಲಿ ಬಸ್ಸಿಗೆ ಏನೂ ಹೋಗದಿರುವಾಗ, ನಿಮಗೆ ಅದರಲ್ಲಿ, ತಿಂಗಳಿಗೆ 25 ದಿನದಂತೆ, 2,500 ಬಸ್ಸಿಗೇ ಹೋಗುತ್ತದೆ. ಸಂಬಳದ ಆರನೇ ಒಂದು ಪಾಲಿಗಿಂತ ಹೆಚ್ಚು. ಉಡುಪಿನ ಕಾರ್ಖಾನೆಯವರು ತಮ್ಮ ಬಸ್ಸನ್ನೇ ಹಳ್ಳಿಗೆ ಕಳಿಸುವುದು ಧರ್ಮಕ್ಕಲ್ಲ, ಬಸ್ಸಿಲ್ಲದೆ ಹೆಂಗಸರು ಬರುವುದಿಲ್ಲ ಎಂಬ ಲೆಕ್ಕ ಗೊತ್ತಿರುವುದಕ್ಕೆ.

ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಲೆಕ್ಕ ಬರೆಯಬಹುದಲ್ಲ ಎಂದು ಯಾರಾದರೂ ಸಲಹೆ ಕೊಟ್ಟಾರು. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದ್ದನ್ನು ಕಂಡ ತಾಲ್ಲೂಕು ನಿಮ್ಮದು. ಸಿಗ್ನಲ್ ಸಿಕ್ಕರೆ ಖಂಡಿತ ಮಾಡಿ.

ಇನ್ನು ನಿಮ್ಮ ಸ್ವಂತ ಲೆಕ್ಕ. ಅತ್ತೆಯವರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬೇಡಿ, ಅವರು ಗೊತ್ತಿಲ್ಲದೆಯೇ ನಿಮ್ಮ ದುಡಿಮೆಗೆ ಬೆಲೆ ಕಟ್ಟಿದ್ದಾರೆ. ಅರವತ್ತು ದಿನಕ್ಕೆ 400ರಂತೆ 24,000 ರೂಪಾಯಿ. ನೀವು ಮನೆಯಲ್ಲಿದ್ದಾಗ ಆ 24,000 ಯಾರ ಬಾಯಲ್ಲೂ ಬರಲಿಲ್ಲ, ನೀವು ಹೊಸ್ತಿಲು ದಾಟುತ್ತೇನೆಂದ ದಿನ ಬಂತು. ಕೊಟ್ಟಿಗೆ, ಅಡುಗೆಯ ಬೆಲೆ ಇನ್ನೂ ಬಂದಿಲ್ಲ. ಇರಲಿ, ಅವರ ಲೆಕ್ಕವನ್ನೇ ಹಿಡಿಯೋಣ. ತಿಂಗಳಿಗೆ ಹಂಚಿದರೆ 2,000. ಸಂಬಳ 14,000ದಲ್ಲಿ ಭವಿಷ್ಯನಿಧಿಗೆ ಶೇ 12ರಂತೆ 1,680 ಮತ್ತು ಇಎಸ್‌ಐಗೆ (ನೌಕರರ ರಾಜ್ಯ ವಿಮೆ) ಶೇ 0.75ರಂತೆ 105 ಕಡಿತವಾದರೆ ಕೈಗೆ 12,215. ಬಸ್ಸಿಗೆ 2,500 ಕಳೆದರೆ 9,715. ಹೆಣ್ಣಾಳಿನ ಬಾಬ್ತು ಕಳೆದರೆ 7,715. ಇದು ಮನೆಗೆ ಉಳಿಯುವ ಹಣ. ನಿಮ್ಮ ಭವಿಷ್ಯನಿಧಿಯ 1,680 ಬೇರೆ, ಮಾಲೀಕರು ತಮ್ಮ ಪಾಲಿನಿಂದ ಹಾಕುವ ಅಷ್ಟೇ ಮೊತ್ತ ಬೇರೆ (ಅದರಲ್ಲಿ ಒಂದು ಭಾಗ ಪಿಂಚಣಿ ಖಾತೆಗೆ ಹೋಗುತ್ತದೆ). ಹಳ್ಳಿಯ ಇನ್ನೊಬ್ಬ ಹೆಂಗಸಿಗೆ ಅರವತ್ತು ದಿನದ ಕೂಲಿಯೂ ಸಿಕ್ಕಿತು ಎಂಬುದನ್ನು ಅತ್ತೆಯವರು ನಷ್ಟದ ಕಾಲಂನಲ್ಲಿ ಬರೆದಿದ್ದಾರೆ. ಅರ್ಥಶಾಸ್ತ್ರ ಓದಿದ ನಾನು ಅದನ್ನು ಲಾಭದ ಕಡೆ ಬರೆಯುತ್ತೇನೆ.

ಆದರೆ ಈ ಲೆಕ್ಕ ನಿಂತಿರುವುದು ಭವಿಷ್ಯನಿಧಿ ಮತ್ತು ಇಎಸ್‌ಐ ಇದೆ ಎಂಬ ಭರವಸೆಯ ಮೇಲೆ. ಇಪ್ಪತ್ತು ಜನ ಕೆಲಸಗಾರರಿರುವ ಕಡೆ ಭವಿಷ್ಯನಿಧಿ ಕಡ್ಡಾಯ, ಹತ್ತು ಜನರಿರುವ ಕಡೆ 21,000 ರೂಪಾಯಿಯೊಳಗಿನ ಸಂಬಳದವರಿಗೆ ಇಎಸ್‌ಐ ಕಡ್ಡಾಯ. ಎರಡನೆಯದನ್ನು ಬಿಟ್ಟುಕೊಡಲೇಬೇಡಿ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ. ಇಎಸ್‌ಐ ಇಲ್ಲದ ಕಡೆ ಆ ಸಂಬಳದ ಪೂರ್ತಿ ಭಾರ ಮಾಲೀಕರ ಮೇಲೆ ಬೀಳುತ್ತದೆ, ಅದಕ್ಕೇ ಮದುವೆಯಾದ ಹೊಸ ಹುಡುಗಿಯರನ್ನು ತೆಗೆದುಕೊಳ್ಳಲು ಹಿಂದೇಟು ಹಾಕುವವರಿದ್ದಾರೆ. ಇಎಸ್‌ಐ ಇದ್ದರೆ, ಅದರ ಕಂತಿನ ನಿಬಂಧನೆ ಪೂರೈಸಿದವರಿಗೆ ಆ ಹಣವನ್ನು ಕೊಡುವುದು ವಿಮಾ ನಿಗಮ. ನಿಮ್ಮ ವಯಸ್ಸಿನಲ್ಲಿ ಇದು ಸಂಬಳದಷ್ಟೇ ಮುಖ್ಯ ಪ್ರಶ್ನೆ, ಸಂಕೋಚವಿಲ್ಲದೆ ಕೇಳಿ.

ಜೊತೆಗೆ ಇನ್ನೊಂದು. ಗಂಡನ ಜೊತೆ ಕುಳಿತು ಪಹಣಿ ತೆಗೆದು ನೋಡಿ. ತೋಟ ಯಾರ ಹೆಸರಿನಲ್ಲಿದೆಯೋ ಸಹಕಾರ ಸಂಘದ ಬೆಳೆಸಾಲ ಅವರಿಗೆ ಸಿಗುತ್ತದೆ. ಕಾಲು ಎಕರೆಯಾದರೂ ನಿಮ್ಮ ಹೆಸರಿಗೆ ಬಂದರೆ ಆ ತೋಟದಲ್ಲಿ ನೀವು ‘ಸಹಾಯಕಿ’ ಅಲ್ಲ, ಬೆಳೆಗಾರ್ತಿ. ತವರಿನ ಆಸ್ತಿಯ ವಿಷಯವೂ ಇದೆ. ಕರ್ನಾಟಕದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ 1994ರಲ್ಲೇ ಜಾರಿಗೆ ಬಂದಿತ್ತು, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಹಕ್ಕುಬಿಡುಗಡೆ ಪತ್ರಕ್ಕೆ ಈಗಾಗಲೇ ಸಹಿ ಹಾಕಿಲ್ಲವೆಂದು ನಂಬಿದ್ದೇನೆ.

ಕೆಲಸಕ್ಕೆ ಹೋಗಿ ಎಂದೇ ನನ್ನ ಅಭಿಪ್ರಾಯ. 7,715 ರೂಪಾಯಿಗಾಗಿ ಅಷ್ಟೇ ಅಲ್ಲ. ಇಪ್ಪತ್ತೇಳಕ್ಕೆ ಕೆಲಸದ ಅನುಭವವಿಲ್ಲದ ಎಂ.ಕಾಂ.ಗೆ ಮೂವತ್ತೈದಕ್ಕೆ ಬೆಲೆ ಇರುವುದಿಲ್ಲ. ಎರಡು ವರ್ಷ ಲೆಕ್ಕಪತ್ರ, ಜಿಎಸ್‌ಟಿ ಕೈಗೆ ಹತ್ತಿದರೆ ಹೊಸನಗರದಲ್ಲೇ, ಅಡಿಕೆ ಮಂಡಿಗೋ ಸಂಘಕ್ಕೋ, ನಿಮ್ಮದೇ ಮೇಜು ಹಾಕಿಕೊಳ್ಳಬಹುದು. ಮನೆಯವರೊಂದಿಗೆ ಮಾತಾಡುವಾಗ ಸಂಬಳದ ಜೊತೆ ಬೆಳಗಿನ ಹಾಲು ಕರೆಯುವ ಸರದಿಯನ್ನೂ ಮಾತಾಡಿ, ಅದನ್ನು ಮಾತಾಡದೆ ಹೊರಟವರು ಆರು ತಿಂಗಳಿಗೆ ಸೋತು ಕೆಲಸ ಬಿಟ್ಟದ್ದನ್ನು ಕಂಡಿದ್ದೇನೆ.

ಕೊನೆಗೆ, ಮಳಿಗೆಯವರು ನೇಮಕಾತಿ ಪತ್ರ ಕೊಡುವ ಮೊದಲು ಖಾಸಗಿ ಬಸ್ ನಿಲ್ದಾಣಕ್ಕೆ ಹೋಗಿ ನಿಮ್ಮೂರಿನ ಕೊನೆಯ ಬಸ್ಸು ಸಂಜೆ ಎಷ್ಟಕ್ಕೆ ಹೊರಡುತ್ತದೆ ಎಂದು ಏಜೆಂಟರನ್ನು ವಿಚಾರಿಸಿ. ಅದಕ್ಕಿಂತ ಅರ್ಧ ಗಂಟೆ ಮೊದಲೇ ನಿಮ್ಮನ್ನು ಬಿಡುವುದಾಗಿ ಆ ಪತ್ರದಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಬೇಡ, ವರ್ಷದ ಲೆಕ್ಕ ಮುಗಿಸುವ ಮಾರ್ಚ್ ತಿಂಗಳಿನಲ್ಲಿ ಬಾಯಿಮಾತು ಯಾರಿಗೂ ನೆನಪಿರುವುದಿಲ್ಲ.